ಕೈ ಎತ್ತಿಸುವ ಕಾರ್ಯದರ್ಶಿ

ನಮ್ಮ ಫಿಸಿಯೋಥೆರಪಿಸ್ಟರ ಪ್ರಾಂತೀಯ ಸಂಘದ ಕಾರ್ಯದರ್ಶಿಗೆ ಸದಸ್ಯರ ಹೆಸರು ನೆನಪಿರುವುದಿಲ್ಲ, ಮೊಣಕಾಲು ನೆನಪಿರುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಸಾಕು, ಕಡತದಿಂದ ತಲೆ ಎತ್ತದೆಯೇ "ಎಡಗಾಲಿನ ಮೇಲೆ ಯಾಕ್ರೀ ಅಷ್ಟು ಭಾರ ಹಾಕ್ತೀರಿ?" ಎನ್ನುತ್ತಾರೆ, ಒಮ್ಮೆ ಪತ್ರ ಕೊಡಲು ಬಂದ ಅಂಚೆಯಣ್ಣನನ್ನೂ ಹಾಗೇ ಬೆಂಚಿನ ಮೇಲೆ ಮಲಗಿಸಿಬಿಟ್ಟಿದ್ದರು. ನನ್ನ ಕುತ್ತಿಗೆಯ ಬಗ್ಗೆ ಅವರಿಗಿರುವ ಅಭಿಪ್ರಾಯ ಇಲ್ಲಿ ಬೇಡ. ಸಭೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ಎದ್ದು ಸೊಂಟ ತಿರುಗಿಸಲೇಬೇಕು, ಅತಿಥಿಗಳ ಭಾಷಣ ಅರ್ಧಕ್ಕೆ ನಿಂತರೂ ಸರಿಯೇ. ಮತ ಹಾಕುವಾಗಲಂತೂ ಅರೆಬರೆ ಎತ್ತಿದ ಕೈ ಲೆಕ್ಕಕ್ಕಿಲ್ಲ: "ತೋಳು ಕಿವಿಗೆ ತಾಗ್ಲಿ, ಆಮೇಲೆ ನಿಮ್ಮ ಅಭಿಪ್ರಾಯ!" ಇದರಿಂದ ವಿನಾಯಿತಿ ಒಬ್ಬರಿಗೇ, ಸಂಘ ಕಟ್ಟಿದ, ಕಾರ್ಯದರ್ಶಿಗೂ ವಿದ್ಯೆ ಕಲಿಸಿದ ಹಿರಿಯ ಮೇಡಂಗೆ. ಪಾರ್ಶ್ವವಾಯು ಬಡಿದು ಅವರ ಬಲಗೈ ಮಡಿಲಲ್ಲೇ ಉಳಿದ ಮೇಲೆ ತಲೆಯಾಡಿಸಿದರೂ ಮತವೇ. ದಿನಾ ಬೆಳಿಗ್ಗೆ ಮನೆಗೇ ಹೋಗಿ ಆ ಕೈಗೆ ವ್ಯಾಯಾಮ ಮಾಡಿಸುವವರು ಕಾರ್ಯದರ್ಶಿಯೇ. ಮೊನ್ನೆ ಅವರು ಈ ಸೊಂಟ ತಿರುಗಿಸುವುದನ್ನು ಸಂಘದ ನಿಯಮಾವಳಿಗೇ ಸೇರಿಸುವ ಠರಾವು ತಂದರು. ನಾವೆಲ್ಲ ಹೆದರಿ ಕಿವಿ ಮುಟ್ಟುವಂತೆ ಕೈ ಎತ್ತಿದೆವು. "ವಿರೋಧ ಯಾರಾದ್ರೂ?" ಎಂದು ಸುಮ್ಮನೆ ಕೇಳಿದರು. ಮೇಡಂ ಬಲಗೈ ಮಡಿಲಿನಿಂದ ನಡುಗುತ್ತ ಮೇಲೆದ್ದು ಭುಜದ ಮಟ್ಟಕ್ಕೆ ಬಂದು ನಿಂತಿತು. "ನಾನಿದ್ದೀನಿ ಕಣಯ್ಯಾ, ನೆಮ್ಮದಿಯಾಗಿ ಕೂರೋಕೆ ಬಿಡು!" ನಡಾವಳಿ ಪುಸ್ತಕದಲ್ಲಿ ಠರಾವು ಗೆದ್ದಿತೋ ಬಿತ್ತೋ ಎಂಬುದೇ ಇಲ್ಲ; ಕಾರ್ಯದರ್ಶಿಯ ಗುಂಡಗಿನ ಅಕ್ಷರದಲ್ಲಿ ಇರುವುದಿಷ್ಟು: "ವಿರೋಧ: ಬಲಗೈ, ತೊಂಬತ್ತು ಡಿಗ್ರಿ, ಯಾರ ಆಸರೆಯೂ ಇಲ್ಲದೆ."