ವಾರಿಜಕ್ಕನ ‘ಹೂಂ’

ಆಸ್ಪತ್ರೆಯಲ್ಲಿ ಕಡತ ಕಾಯುವವರ ಹೆಸರು ರೋಗಿಗಳಿಗೆ ತಿಳಿದಿರುವುದು ಅಪರೂಪ. ಆದರೆ ಮಣಿಪಾಲದ ನಮ್ಮ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವಾರಿಜಾ ಅವರನ್ನು ಹೆಸರು ಹಿಡಿದು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಕಟ್ಟಡದ ಕೆಲಸಕ್ಕೆ ಬಂದಿದ್ದ ಸೋಮವ್ವ ಚೀಟಿ ಕಳೆದುಕೊಂಡು ಅಳುತ್ತಾ ನಿಂತಾಗ, ಅವಳ ಹೆರಿಗೆಯಾದ ವರ್ಷವನ್ನು ಮಾತಿನಲ್ಲೇ ಹೊರತೆಗೆದು ಕಡತ ಹುಡುಕಿಕೊಟ್ಟವರು ಇವರು. ನಾನು ಕಾರ್ಕಳದಿಂದ ಬಂದು ಸೇರಿದ ಮೊದಲ ತಿಂಗಳು ತಪ್ಪು ಕಪಾಟಿನಲ್ಲಿಟ್ಟ ಕಡತಗಳನ್ನು ಯಾರಿಗೂ ತಿಳಿಯದಂತೆ ಸರಿಪಡಿಸಿದವರೂ ಇವರೇ.

ಅಂಥವರಿಗೆ ನಾನು ಮಾಡಿದ್ದನ್ನು ಬರೆಯದಿದ್ದರೆ ಈ ಅಭಿನಂದನೆಗೆ ಅರ್ಥವಿಲ್ಲ.

ಮೂರು ವರ್ಷಗಳ ಹಿಂದೆ ಕಡತಗಳೆಲ್ಲ ಕಂಪ್ಯೂಟರಿಗೆ ಹೋದವು. ತರಬೇತಿಗೆ ಹೆಸರು ಕೊಡಬೇಕಾದವನು ಮೇಲ್ವಿಚಾರಕನಾದ ನಾನು. ಐವತ್ತೈದು ದಾಟಿದ ನಾಲ್ವರನ್ನು ಬಿಟ್ಟೆ; ಹಿರಿಯರಿಗೆ ತೊಂದರೆ ಕೊಡಬಾರದೆಂಬ ಗೌರವದಿಂದಲೇ ಬಿಟ್ಟೆ. ತರಬೇತಿ ಆಗದವರಿಗೆ ಪಾಸ್‌ವರ್ಡ್ ಇಲ್ಲ, ಪಾಸ್‌ವರ್ಡ್ ಇಲ್ಲದವರು ಕೌಂಟರಿನಲ್ಲಿ ಕೂರುವಂತಿಲ್ಲ ಎಂಬ ಆದೇಶ ಮರುದಿನ ಬಂತು. ಅವರ ಪಾಲಿಗೆ ಉಳಿದದ್ದು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆ.

ವಾರಿಜಕ್ಕ ಪಟ್ಟಿ ಹಿಡಿದು ಬಂದರು.

“ಗಣಪಣ್ಣ, ಇದು ಬರೆದದ್ದು ಯಾರು?”

“ನಾನೇ ಅಕ್ಕ. ನಿಮಗೆ ಸುಮ್ಮನೆ ತಲೆಬಿಸಿ ಯಾಕೆ ಅಂತ...”

“ನನ್ನನ್ನು ಕೇಳಿದಿರಾ?”

ನನಗೆ ಊರಿನ ಮನೆ ನೆನಪಾಯಿತು. ನಮ್ಮ ಮನೆಯಲ್ಲಿ ಅಜ್ಜ ಪ್ರತಿ ಸಂಜೆ ಕಾವ್ಯ ವಾಚಿಸುತ್ತಿದ್ದರು. ಕೇಳುವವರಲ್ಲಿ ಎಲ್ಲರಿಗಿಂತ ಹಿರಿಯರು ಅರ್ಥವಾಯಿತೆಂದು ‘ಹೂಂ’ ಎನ್ನದೆ ಅಜ್ಜ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ. ಆ ಮನೆಯಲ್ಲಿ ಕೇಳಿ ಬೆಳೆದ ನಾನು ಹಿರಿಯರನ್ನೇ ಹೊರಗೆ ನಿಲ್ಲಿಸಿದ್ದೆ.

ಅದೇ ದಿನ ನಾಲ್ವರ ಹೆಸರನ್ನೂ ಸೇರಿಸಿದೆ. ಅಷ್ಟು ಹೊತ್ತಿಗೆ ಮೊದಲ ದಿನದ ಪಾಠ ಮುಗಿದಿತ್ತು. ಎರಡನೆಯ ದಿನ ತರಬೇತುದಾರ ಲಕ್ಷಿತ್ ಪರದೆಯಿಂದ ಪರದೆಗೆ ಹಾರುತ್ತಿದ್ದಂತೆ ವಾರಿಜಕ್ಕ ಕೈ ಎತ್ತಿದರು.

“ನಿಲ್ಲು ಮಾರಾಯ. ಕಾರ್ಕಳ ಎಕ್ಸ್‌ಪ್ರೆಸ್ ಬಸ್ಸಾದರೂ ಸ್ಟಾಪಿನಲ್ಲಿ ಒಮ್ಮೆ ನಿಲ್ತದೆ. ಒಂದೇ ಹೆಸರಿನವರು ಇಬ್ಬರು ಬಂದರೆ ಎಂತ ಮಾಡುವುದು?”

“ಆಂಟಿ, ಅದು ನಿನ್ನೆಯೇ ಹೇಳಿ ಆಯ್ತಲ್ಲ. ಇವರಿಗೆಲ್ಲ ಗೊತ್ತುಂಟು.”

ಮುಂದಿನ ಸಾಲಿನಲ್ಲಿದ್ದ ಇಪ್ಪತ್ತನಾಲ್ಕರ ಚೈತಾಲಿ ತಲೆ ತಗ್ಗಿಸಿದಳು. “ನನಗೆ ಗೊತ್ತಾಗಲಿಲ್ಲ ಸರ್. ಕೇಳಲಿಕ್ಕೆ ನಾಚಿಕೆ ಆಯ್ತು.” ಅವಳ ಹಿಂದೆ ಇನ್ನೂ ಆರು ಕೈಗಳು ಎದ್ದವು.

ಹಿಂದೆ ನಿಂತು ನೋಡುತ್ತಿದ್ದ ನಾನು ಬೆರಗಾದೆ. ವಯಸ್ಸಾದವರಿಗೆ ಬಾರದು ಎಂದು ಅವರನ್ನು ಬಿಟ್ಟೆವು. ಎಳೆಯರಿಗೆ ಬಂದೇ ಬರುತ್ತದೆ ಎಂದು ಇವರನ್ನೂ ಕೈಬಿಟ್ಟಿದ್ದೆವು. ಅಂದಿನಿಂದ ಲಕ್ಷಿತ್ ವಾರಿಜಕ್ಕನ ‘ಹೂಂ’ ಕೇಳಿದ ಮೇಲೆಯೇ ಮುಂದಿನ ಪರದೆ ತೆರೆದ. ಒಂಬತ್ತು ದಿನದ ಬಳಿಕ ಅವರು ಪುನಃ ಕೌಂಟರಿನಲ್ಲಿ ಕುಳಿತರು.

ಕಳೆದ ವಾರ ಹೊಸ ತಂತ್ರಾಂಶದ ತರಬೇತಿಗೆ ಮೇಲಿನ ಕಚೇರಿಯಿಂದ ಪಟ್ಟಿ ಬಂತು. ಎರಡು ಸಲ ಓದಿದೆ. ನನ್ನ ಹೆಸರಿರಲಿಲ್ಲ. ನನಗೀಗ ಐವತ್ತಾರು. ಪಟ್ಟಿ ಮಾಡಿದ ವಿಕಾಸ್ ಪ್ರೀತಿಯಿಂದಲೇ ಹೇಳಿದರು: “ನಿಮಗೆ ಇನ್ನು ಯಾಕೆ ಸರ್ ಈ ತಲೆಬಿಸಿ?”

“ನನ್ನನ್ನು ಕೇಳಿದಿರಾ?” ಎಂದೆ. ಧ್ವನಿ ನನ್ನದು, ಮಾತು ವಾರಿಜಕ್ಕನದು.

ನಿವೃತ್ತಿಯ ಬಳಿಕ ತಮ್ಮೂರು ಕಾಪುವಿನ ನೆರೆಹೊರೆಯ ಹೆಂಗಸರಿಗೆ ಮೊಬೈಲ್ ಕಲಿಸಲು ಹೊರಟಿರುವ ವಾರಿಜಕ್ಕನಿಗೆ ಕಡಿಯಾಳಿ ದೇವಸ್ಥಾನದ ಅಮ್ಮ ತುಂಬು ಆಯುಷ್ಯ ಕೊಡಲಿ. ನನ್ನ ಹೆಸರೂ ಈಗ ಪಟ್ಟಿ ಸೇರಿದೆ; ಬರುವ ಸೋಮವಾರ ತರಬೇತಿಯ ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ. ತಿಳಿಯದೆ ‘ಹೂಂ’ ಎನ್ನುವುದಿಲ್ಲ.