ಒಲೆಯ ಪಕ್ಕದ ಕಕ್ಕಸು

ಇದು ನಡೆದಾಗ ನನಗೆ ಎಪ್ಪತ್ತೊಂದು. ಮೂರು ವರ್ಷ ಆಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ನೀವೇ ಸರಿಮಾಡಿ ಓದಿಕೊಳ್ಳಿ.

ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿಯಲ್ಲಿ ಊರಿಗೆ ಹೋಗುವವರು ಈಗ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ಕಪಾಟಿನ ಬಾಗಿಲಿಗೆಲ್ಲ ಹಗ್ಗ ಕಟ್ಟಿ. ಭಾರದ ಸಾಮಾನು ಕೆಳಗಿಡಿ, ಅಲುಗದ ಹಾಗೆ. ಹೊರಡುವ ಮೊದಲು ಗ್ಯಾಸ್ ಬಂದ್ ಮಾಡಿ. ಮೊಸರು ಒಯ್ಯಬೇಡಿ, ಎರಡು ತಿರುವು ದಾಟುವಾಗ ಅದು ನೆಲದಲ್ಲಿರುತ್ತದೆ. ಮತ್ತೆ, ಕಕ್ಕಸನ್ನು ಕಕ್ಕಸಾಗಿಯೇ ಬಿಡಿ. ನಾನು ಬಿಡಲಿಲ್ಲ.

ನಮ್ಮವರು ಪ್ಯಾರೀಸ್ ಕಾರ್ನರ್ ಹತ್ತಿರದ ಹೋಟೆಲಿನಲ್ಲಿ ನಲವತ್ತು ವರ್ಷ ಅಡಿಗೆ ಮಾಡಿದವರು. ಉಡುಪಿ ಕಡೆ ಇರುವ ತಂಗಿಯನ್ನು ನೋಡದೆ ಆರು ವರ್ಷ ಆಗಿತ್ತು. ತಂಗಿ ಹಾಸಿಗೆ ಹಿಡಿದಿದ್ದಳು. ಇವರಿಗೆ ಮೂತ್ರ ತಡೆಯಲಿಕ್ಕೆ ಆಗುವುದಿಲ್ಲ, ಬಂತೆಂದರೆ ಬಂತು. ರೈಲಿನಲ್ಲಿ ಕಕ್ಕಸಿನ ಮುಂದೆ ಜನ ನಿಂತಿದ್ದರೆ ಏನು ಗತಿ ಎಂದು ಎರಡು ಸಲ ಟಿಕೆಟು ವಾಪಸು ಕೊಟ್ಟರು. ಅದಕ್ಕೇ ಅಳಿಯ ಒಂದು ವಾರಕ್ಕೆ ಅಂಥದೊಂದು ಗಾಡಿ ಬಾಡಿಗೆಗೆ ಹಿಡಿದ. ನಾವು ಮೂವರು, ಮತ್ತೆ ಡ್ರೈವರು.

ಗಾಡಿ ಟಿ. ನಗರದ ನಮ್ಮ ಬೀದಿಗೆ ಬಂದಾಗ ಹತ್ತಿ ನೋಡಿದೆ. ಒಲೆಗೂ ಕಕ್ಕಸಿಗೂ ನಡುವೆ ಒಂದೇ ಹಲಗೆ. ಅಲ್ಲಿ ಬೇಯಿಸಿದ ಅನ್ನ ನನ್ನ ಗಂಟಲಲ್ಲಿ ಇಳಿಯುವುದು ಹೇಗೆ? ಕಕ್ಕಸನ್ನು ಯಾರೂ ಉಪಯೋಗಿಸಬಾರದು ಎಂದೆ. ಹಾಸಿಗೆ ಸುರುಳಿ, ಬಟ್ಟೆಯ ಪೆಟ್ಟಿಗೆ, ಚಪ್ಪಲಿ, ಬಕೆಟು, ನಾದಿನಿಗೆಂದು ತೆಗೆದ ಹಿತ್ತಾಳೆ ಪಾತ್ರೆಗಳ ಟ್ರಂಕು, ಎಲ್ಲ ಅದರೊಳಗೆ ತುರುಕಿದೆ. ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಡ್ರೈವರು ನಗುತ್ತ ತಮಿಳಿನಲ್ಲಿ ಕೇಳಿದ. ಅಳಿಯ ಮಾತ್ರ ನಗಲಿಲ್ಲ.

"ಅತ್ತೆ, ಮಾವನಿಗೆ ಅದು ಬೇಕು ಅಂತಲೇ ಅಲ್ವಾ ಈ ಗಾಡಿ?"

ದಾರಿಯುದ್ದಕ್ಕೂ ಹೋಟೆಲುಗಳಿವೆ, ಗಂಟೆಗೊಂದು ಕಡೆ ನಿಲ್ಲಿಸುವ ಎಂದೆ. ನಮ್ಮವರು ನನ್ನ ಮಡಿಯನ್ನು ಐವತ್ತು ವರ್ಷ ಕಂಡವರು. ಹತ್ತಿ ಮಂಚದ ತುದಿಯಲ್ಲಿ ಕೂತರು.

ಊರು ದಾಟಿ ಒಂದು ಸೇತುವೆ ಮೇಲೆ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಮುಂದೆ ಯಾವುದೋ ಲಾರಿ ಮಗುಚಿತ್ತು. ಕಕ್ಕಸಿನೊಳಗೆ ದಡ್ ಎಂದು ಸದ್ದಾಯಿತು. ಬಿಸಿಲು ನೆತ್ತಿಗೆ ಬಂದರೂ ಗಾಡಿ ಕದಲಲಿಲ್ಲ. ಇಳಿಯುವ ಬಾಗಿಲಿಗೆ ಒಂದು ಬಸ್ಸು ಒತ್ತಿ ನಿಂತಿತ್ತು, ಆ ಮಗ್ಗುಲಲ್ಲಿ ಇನ್ನೊಂದು ಲಾರಿ. ಬಸ್ಸಿನ ಜನ ನಮ್ಮ ಕಿಟಕಿಯೊಳಗೇ ನೋಡುತ್ತಿದ್ದರು.

ಇವರು ನನ್ನ ಸೆರಗು ಹಿಡಿದು ಎಳೆದರು. ಅಷ್ಟರಲ್ಲೇ ನನಗೆ ಗೊತ್ತಾಯಿತು.

ಕಕ್ಕಸಿನ ಬಾಗಿಲು ಒಳಕ್ಕೆ ತೆರೆಯುವುದು. ಟ್ರಂಕು ಜಾರಿ ಬಂದು ಅದಕ್ಕೆ ಅಡ್ಡ ಕೂತಿತ್ತು. ಅಳಿಯ ಹೆಗಲು ಕೊಟ್ಟು ನೂಕಿದ, ನಾನೂ ನೂಕಿದೆ. ಬೆರಳು ತೂರುವಷ್ಟೂ ಸರಿಯಲಿಲ್ಲ. ಬಕೆಟು ಅದರೊಳಗೇ. ನಾನು ಕಿಟಕಿಯ ಪರದೆ ಎಳೆದು, ಹಾಲಿನ ಪಾತ್ರೆ ತೊಳೆದಿಟ್ಟದ್ದು ತೆಗೆದು ಇವರ ಮುಂದೆ ಹಿಡಿದೆ. ಅವರು ಅದನ್ನು ಎರಡೂ ಕೈಯಿಂದ ದೂಡಿದರು.

"ಅದರಲ್ಲಿ ಹಾಲು ಕಾಯಿಸ್ತಾರೆ."

"ಬಿಸಾಡುವ, ಮಾರಾಯ್ರೆ. ಹಿಡಿಯಿರಿ."

ಅವರು ಹಿಡಿಯಲಿಲ್ಲ. ನಾನು ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. ಮೊದಲು ಪಂಚೆ, ಆಮೇಲೆ ಮಂಚದ ಹಾಸಿಗೆ, ಆಮೇಲೆ ನೆಲ. ಅಳಿಯ ಮುಂದೆ ಹೋಗಿ ಡ್ರೈವರ ಪಕ್ಕ ಕೂತ. ಬೇರೆ ಪಂಚೆ ಇದ್ದ ಪೆಟ್ಟಿಗೆಯೂ ಕಕ್ಕಸಿನೊಳಗೇ. ನನ್ನ ಒಂದು ಸೀರೆ ಹೊರಗಿತ್ತು, ಅದನ್ನೇ ಉಡಿಸಿದೆ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು.

ದಾರಿ ತೆರವಾದಾಗ ಒಂದೇ ಮಾತು ಹೇಳಿದರು. "ಮನೆಗೆ ತಿರುಗಿಸಲಿಕ್ಕೆ ಹೇಳು."

ಹೇಳಿದೆ. ಡ್ರೈವರು ಗಾಡಿ ತಿರುಗಿಸಿದ. ತಂಗಿ ಫೋನು ಮಾಡಿದಳು, ಇವರು ತೆಗೆಯಲಿಲ್ಲ. ಗಾಡಿ ಕೆಟ್ಟಿತು ಎಂದು ನಾನೇ ಸುಳ್ಳು ಹೇಳಿದೆ.

ಮರುದಿನ ಬೆಳಿಗ್ಗೆ ಡ್ರೈವರು ಕಕ್ಕಸಿನ ಸಣ್ಣ ಕಿಟಕಿ ಹೊರಗಿನಿಂದ ಬಿಚ್ಚಿ, ಜಾಕಿಯ ಸರಳು ತೂರಿಸಿ ಟ್ರಂಕು ಸರಿಸಿದ. ಸಾಮಾನೆಲ್ಲ ಬೀದಿಗೆ ಹಾಕಿದೆ. ನೆಲ ಎರಡು ಸಲ ತೊಳೆದೆ. ಆ ಕಕ್ಕಸಿಗೆ ಮೊದಲು ನಾನೇ ಹೋಗಿ ಬಂದೆ. ಮನೆಗೆ ಹೋಗಿ ಸ್ನಾನ ಮಾಡಿ, ತಿರುಗಿ ಗಾಡಿ ಹತ್ತಿ, ಅದೇ ಹಾಲಿನ ಪಾತ್ರೆಯಲ್ಲಿ ಹಾಲು ಕಾಯಿಸಿ ಕಾಫಿ ಮಾಡಿದೆ. ಒಂದು ಲೋಟ ಕೂತಲ್ಲೇ ಕುಡಿದೆ. ಇನ್ನೊಂದನ್ನು ಮುಚ್ಚಿಟ್ಟು, ಇವರನ್ನು ಕರೆಯಲಿಕ್ಕೆ ಇಳಿದೆ.