ಇಜೇಹಿಯ ಫ್ರೀಜರಿನಲ್ಲಿ ಬೀದಿಯ ಸಾರು

ಬೆನಿನ್ ನಗರದ ಆ ಬೀದಿಯಲ್ಲಿ ಇಜೇಹಿ ಮೀನಿನ ವ್ಯಾಪಾರ ಶುರುಮಾಡಿದ್ದು ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ. ಸಂಜೆಯೊಳಗೆ ಐಸು ನೀರಾಗುತ್ತಿತ್ತು. ಉಳಿದ ಮೀನು ಸಿಕ್ಕ ಬೆಲೆಗೆ ಹೋಗುತ್ತಿತ್ತು. ಮುಂದೆ ಫ್ರೀಜರು ಕೊಂಡಳು. ಕರೆಂಟು ಮಾತ್ರ ನೆಂಟರ ಹಾಗೆ, ಹೇಳದೆ ಬಂದು ಕೇಳದೆ ಹೋಗುತ್ತಿತ್ತು. ಲಾಭವನ್ನೆಲ್ಲ ಜನರೇಟರು ಕುಡಿಯುತ್ತಿತ್ತು.

ಹೀಗಿರುವಾಗ ಬೀದಿ ಸಂಘದ ಚೇರ್ಮನ್, ಶಾಲಾ ಇನ್‌ಸ್ಪೆಕ್ಟರಾಗಿ ನಿವೃತ್ತನಾದ ಒಸಾಯಾಂಡೆಗೆ ಮೇಲ್ದರ್ಜೆಯ ಲೈನಿನ ಹುಚ್ಚು ಹಿಡಿಯಿತು. ಆ ಲೈನಿಗೆ ಸೇರಿದ ಬೀದಿಗೆ ದಿನದ ಬಹುಪಾಲು ಕರೆಂಟು. ದರ ಮೂರು ಪಟ್ಟು. ಮೊದಲನೆಯದನ್ನು ಆತ ಸಭೆ ಸಭೆಯಲ್ಲೂ ಸಾರಿದ. ಎರಡನೆಯದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಲೈನು ಬಂತು. ಜನ ಬೀದಿಯಲ್ಲೇ ಕುಣಿದರು. ಅಲ್ಲಿ ಮೀಟರಿಗೆ ಮೊದಲೇ ದುಡ್ಡು ತುಂಬಬೇಕು. ತಿಂಗಳಿಗೆಂದು ತುಂಬಿದ್ದು ವಾರ ಕಳೆಯುವಷ್ಟರಲ್ಲಿ ಕರಗಿತು. ಆಮೇಲೆ ಆ ಬೀದಿಯ ಬುದ್ಧಿವಂತರು ಹೊಸ ಪದ್ಧತಿ ಕಂಡುಕೊಂಡರು: ಕರೆಂಟು ಬಂದೊಡನೆ ಓಡಿಹೋಗಿ ಮೇನ್ ಸ್ವಿಚ್ ಆರಿಸುವುದು. ಅಷ್ಟು ವರ್ಷ ಕರೆಂಟಿಗಾಗಿ ಕಾದವರು ಈಗ ಅದು ಬಂದರೆ ಸಾಲ ಕೊಟ್ಟವನು ಬಂದಂತೆ ಬಾಗಿಲು ಹಾಕಿಕೊಂಡರು.

ಇಜೇಹಿ ಮಾತ್ರ ಆರಿಸಲಿಲ್ಲ. ದರ ಮೂರು ಪಟ್ಟಾದರೂ ಜನರೇಟರಿನ ಪೆಟ್ರೋಲಿಗಿಂತ ಅಗ್ಗವೇ ಬೀಳುತ್ತಿತ್ತು. ಮೊದಲ ಬಾರಿಗೆ ಅವಳ ಕೈಯಲ್ಲಿ ನಾಲ್ಕು ಕಾಸು ನಿಂತಿತು. ಸ್ವಿಚ್ ಆರಿಸಿದ ನೆರೆಯವರು ಒಬ್ಬೊಬ್ಬರೇ ಸಾರಿನ ಪಾತ್ರೆ ಹಿಡಿದು ಅವಳ ಫ್ರೀಜರಿನತ್ತ ಬಂದರು. "ಅಕ್ಕಾ, ಒಂದೇ ಒಂದು ಮೂಲೆ ಸಾಕು." ಒಸಾಯಾಂಡೆಯೂ ಟವೆಲ್ಲು ಸುತ್ತಿದ ಪಾತ್ರೆ ತಂದ. "ನಮ್ಮ ಫ್ರಿಜ್ಜು ರಿಪೇರಿಗೆ ಹೋಗಿದೆಯಮ್ಮಾ."

"ಬೀದಿಗೆ ಬೀದಿಯೇ ರಿಪೇರಿಗೆ ಹೋಗಿದೆ, ಓಗಾ," ಎಂದು ಇಜೇಹಿ ತನ್ನ ಮೀನು ಸರಿಸಿ ಜಾಗ ಮಾಡಿದಳು. ಅಲ್ಲಿ ದೊಡ್ಡ ಮನುಷ್ಯರೆಲ್ಲ ಓಗಾಗಳೇ.

ಮುಂದಿನ ಸಭೆಯಲ್ಲಿ ಅದೇ ಓಗಾ ಗಂಟಲು ಸರಿಮಾಡಿಕೊಂಡ. "ನಮ್ಮನ್ನ ಹಳೇ ಲೈನಿಗೇ ಹಾಕಿ ಅಂತ ಅರ್ಜಿ ಕೊಡೋಣ. ಇಷ್ಟೊಂದು ಕರೆಂಟು ಯಾರಿಗ್ರೀ ಬೇಕಿತ್ತು? ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳ ಕಾಡೇ ಎದ್ದಿತು. ಇಜೇಹಿಯ ಮೂಗಿಗೆ ಜನರೇಟರಿನ ಪೆಟ್ರೋಲಿನ ವಾಸನೆ ಬಡಿದಂತಾಯಿತು. ಎದ್ದು ನಿಂತಳು.

"ಎತ್ತಿದ ಕೈ ಇಳಿಸ್ಬೇಡಿ. ಹಾಗೇ ನಮ್ಮನೆಗೆ ಬನ್ನಿ. ನಿಮ್ಮ ನಿಮ್ಮ ಸಾರು ತಲೆ ಮೇಲಿಡ್ತೀನಿ, ಹಿಡ್ಕೊಂಡು ಹೋಗೋಕೆ ಅನುಕೂಲ."

ಯಾರೋ ಕಿಸಕ್ಕೆಂದರು.

"ಹಳೇ ಲೈನಲ್ಲಿ ಎಷ್ಟು ಸಾರು ಚರಂಡಿಗೆ ಚೆಲ್ಲಿದ್ರಿ, ಮರ್ತ್ರಾ? ನನ್ನ ಮೀನೇ ಉಳಿಯಲ್ಲ, ನಿಮ್ದು ಉಳಿಯುತ್ತಾ? ಟವೆಲ್ಲು ಸುತ್ತಿದ ಕಾಡುಹಂದಿ ಸಾರು ನಿಮ್ದೇ ತಾನೇ, ಓಗಾ?"

ಕೈಗಳು ಒಂದೊಂದಾಗಿ ಇಳಿದವು. ಚೇರ್ಮನ್ನನ ಕೈ ಅರ್ಧದಲ್ಲಿ ನಿಂತು, ತಲೆ ಕೆರೆದುಕೊಂಡು, ಮಡಿಲಿಗೆ ಬಿತ್ತು. ಅರ್ಜಿ ಹೋಗಲಿಲ್ಲ.

ಮರುದಿನ ಆತ ಇನ್ನೊಂದು ಪಾತ್ರೆ ತಂದ. ಇಜೇಹಿ ಮತ್ತೆ ಮೀನು ಸರಿಸಿದಳು. ಫ್ರೀಜರಿನ ಮುಚ್ಚಳ ಮಾತ್ರ ಹಾಕದೆ ನಿಂತಳು.

"ಓಗಾ, ನನ್ನ ಮೀಟರ್ ನಂಬರ್ ಬರ್ಕೊಳ್ಳಿ. ಈ ಸಲ ದುಡ್ಡು ತುಂಬೋ ಸರದಿ ನಿಮ್ದು. ಬೇಗ ಬರೀರಿ, ತಂಪೆಲ್ಲ ಹೋಗ್ತಿದೆ."

ನಿವೃತ್ತ ಇನ್‌ಸ್ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದ.